ಏಳನೆಯ ಆಪರೇಟರ್ ಹೇಳಿದ್ದು

ಜನವರಿ 9, ಗುರುವಾರ

ಕೊನೆಯ ಸೆಮಿಸ್ಟರ್ ಶುರುವಾಯಿತು. ಏಪ್ರಿಲ್ ಮೂವತ್ತಕ್ಕೆ ನಿವೃತ್ತಿ. ಸಮಾಜಶಾಸ್ತ್ರ ವಿಭಾಗದ ಮೂರನೆಯ ಮಹಡಿಯಲ್ಲಿ ಅದೇ ಕೊಠಡಿ, ಅದೇ ಅಲುಗಾಡುವ ಮೇಜು, ನಲವತ್ತು ಹೊಸ ಮುಖಗಳು. ಪ್ರತಿ ವರ್ಷದಂತೆ ಮೊದಲ ಪ್ರಶ್ನೆ ಕೇಳಿದೆ: ಹೊಸ ಯಂತ್ರವೊಂದು ಮನೆಯೊಳಗೆ ಬಂದಾಗ ಮನೆಯಿಂದ ಹೊರಗೆ ಹೋಗುವುದೇನು? ಉತ್ತರಗಳು ಬಂದವು. ಹೆಚ್ಚಿನವು ನೆಟ್ಟಗೆ ಕಿವಿಗೆ ಬೀಳಲಿಲ್ಲ. ಈಗಿನ ಮಕ್ಕಳು ಬಾಯಿ ಬಿಟ್ಟು ಮಾತಾಡುವುದನ್ನೇ ಮರೆತಿದ್ದಾರೆ. ಹಗಲೆಲ್ಲ ಬೆರಳಲ್ಲಿ ಮಾತಾಡುವವರಿಗೆ ನಾಲಿಗೆ ಯಾಕೆ ಬೇಕು? ಇದರಲ್ಲೊಂದು ಲೇಖನವಿದೆ. ‘ಗೊಣಗುವ ಪೀಳಿಗೆ’ ಎಂಬ ಶೀರ್ಷಿಕೆಯೂ ಹೊಳೆಯಿತು. ಇವತ್ತಿನಿಂದಲೇ ಗುರುತು ಹಾಕಿಕೊಳ್ಳುತ್ತಿದ್ದೇನೆ: ಮಾತಾಡಿದ ಹನ್ನೊಂದು ಜನರಲ್ಲಿ ಎಂಟು ಜನ ಗೊಣಗುವವರು.

‘ಮೂಕವಾದ ಕೊಠಡಿ’ಗೆ ಹೊಸ ಆವೃತ್ತಿ ತರುತ್ತೇವೆಂದು ಪ್ರಕಾಶಕರು ಪತ್ರ ಬರೆದಿದ್ದಾರೆ. ಮೂವತ್ತನಾಲ್ಕು ವರ್ಷದ ಹಿಂದಿನ ಪುಸ್ತಕ ಇನ್ನೂ ಓದಿಸಿಕೊಳ್ಳುತ್ತಿದೆ ಎಂದರೆ ಸಣ್ಣ ಮಾತಲ್ಲ. ಆಗ ಇಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ಸ್ವಯಂಚಾಲಿತ ಯಂತ್ರ ಬಂದಿತ್ತು. ಕೈಯಿಂದ ತಂತಿ ಸಿಕ್ಕಿಸಿ ಕರೆ ಜೋಡಿಸುತ್ತಿದ್ದ ಇಪ್ಪತ್ತೆರಡು ಹೆಂಗಸರ ಕೆಲಸ ಒಂದೇ ದಿನಕ್ಕೆ ನಿಂತುಹೋಯಿತು. ನಾನು ನಾಲ್ಕು ತಿಂಗಳು ಟೇಪ್ ರೆಕಾರ್ಡರ್ ಹೊತ್ತು ಅವರ ಮನೆಗಳಿಗೆ ಅಲೆದೆ. ಹೆಸರು ಬರೆಯುವಂತಿರಲಿಲ್ಲ, ಆದ್ದರಿಂದ ನಂಬರ್ ಕೊಟ್ಟೆ. ಏಳನೆಯ ಆಪರೇಟರ್ ಹೇಳಿದ ಮಾತನ್ನು ಇವತ್ತಿಗೂ ಪಠ್ಯಪುಸ್ತಕಗಳಲ್ಲಿ ಹಾಕುತ್ತಾರೆ: ‘ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ. ನನ್ನ ದನಿ ಹೋಯ್ತು. ಹತ್ತೊಂಬತ್ತು ವರ್ಷದ್ದು.’ ಯಂತ್ರ ಮನುಷ್ಯರಿಂದ ಏನನ್ನು ಕಿತ್ತುಕೊಳ್ಳುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಮಾತು ನನಗೆ ಮತ್ತೆ ಸಿಗಲಿಲ್ಲ. ನಂತರದ ನನ್ನ ಕೆಲಸವೆಲ್ಲ ಆ ಒಂದು ಸಾಲಿನ ಮರಿ, ಮೊಮ್ಮರಿ.

ಜನವರಿ 14, ಮಂಗಳವಾರ

ಹಾಲು ಉಕ್ಕಿ ಒಲೆಯೆಲ್ಲ ರಾಡಿ. ತಪ್ಪು ಅಕ್ಕನದೇ. ವಾಸನೆ ಹಿಡಿದು ಬಚ್ಚಲಿನಿಂದ ಕೂಗಿ ಹೇಳಿದರೆ ಯಾರಿಗೆ ತಿಳಿಯುತ್ತದೆ? ‘ಹಾಲು ಉಳಿದಿದೆ’ ಎಂದ ಹಾಗಾಯಿತು. ‘ಇರಲಿ ಬಿಡು’ ಎಂದು ನಾನು ಪೇಪರ್ ಓದುತ್ತ ಕೂತೆ.

“ಉಕ್ತಾ ಇದೆ ಅಂದೆ ಕಣೇ, ಉಕ್ತಾ ಇದೆ. ಮೂರು ಸಲ ಕೂಗಿದೀನಿ.”

“ಗಂಟಲಲ್ಲೇ ನುಂಗಿಕೊಂಡು ಹೇಳಿದ್ರೆ ಹೇಗೆ ಅಕ್ಕ?”

“ಮೂವತ್ತೈದು ವರ್ಷ ವಾರ್ಡಿನ ಆ ತುದಿಯಿಂದ ಈ ತುದಿಗೆ ಕೇಳೋ ಹಾಗೆ ಮಾತಾಡಿದ ಗಂಟಲು ಇದು, ಪ್ರೊಫೆಸರಮ್ಮ. ಎದುರು ಮನೆಯವರು ಬಂದು ಬಾಗಿಲು ಬಡಿದ್ರು, ಹಾಲು ಉಕ್ತಿದೆಯಂತಲ್ಲ ಅಂತ. ಅದೂ ಕೇಳಿಸಲಿಲ್ಲ ನಿಂಗೆ.”

ಭಾವ ಹೋದ ಮೇಲೆ ಅಕ್ಕ ನನ್ನ ಜೊತೆಗೇ ಇದ್ದಾಳೆ, ಇಪ್ಪತ್ತಾರು ವರ್ಷ. ಆಸ್ಪತ್ರೆಯ ನರ್ಸಾಗಿದ್ದವಳಿಗೆ ಎಲ್ಲರಲ್ಲೂ ರೋಗ ಕಾಣುತ್ತದೆ. ಕಿವಿ ತೋರಿಸಿಕೊಂಡು ಬಾ ಎಂದು ಮತ್ತೆ ಶುರುಮಾಡಿದಳು. ನಾನು ಒಲೆ ಒರೆಸಿದೆ.

ಜನವರಿ 22, ಬುಧವಾರ

ವಿಭಾಗದ ಸಭೆ. ಮುಖ್ಯಸ್ಥರು ಕಾಗದ ನೋಡಿಕೊಂಡೇ ಮಾತಾಡುವವರು, ತಲೆ ಎತ್ತುವುದಿಲ್ಲ. ನನ್ನ ಕಡೆ ತಿರುಗಿ ‘ಸಮ್ಮತಿ ತಾನೇ’ ಎಂದಂತೆ ಕೇಳಿತು. ಖಂಡಿತ ಎಂದೆ. ಎಲ್ಲರೂ ಮೇಜು ತಟ್ಟಿದರು. ಆಮೇಲೆ ತಿಳಿಯಿತು, ಅವರು ಹೇಳಿದ್ದು ‘ಸಮಿತಿಗೆ ನೀವೇ’ ಎಂದು. ಈಗ ನಾನು ವಾರ್ಷಿಕ ಕ್ರೀಡಾಕೂಟ ಸಮಿತಿಯ ಅಧ್ಯಕ್ಷೆ. ಓಟದ ಸ್ಪರ್ಧೆಗೆ ಶಿಳ್ಳೆ ಊದುವುದೂ ನನ್ನ ಕೆಲಸವಂತೆ.

ಗೊಣಗುವ ರೋಗ ಮಕ್ಕಳಿಂದ ಮೇಷ್ಟರುಗಳಿಗೂ ಹಬ್ಬಿದೆ. ಲೇಖನಕ್ಕೆ ಇನ್ನೊಂದು ಅಧ್ಯಾಯ ಬೇಕು.

ಫೆಬ್ರವರಿ 3, ಸೋಮವಾರ

ಗ್ರಂಥಾಲಯದವರು ನನ್ನ ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಾರೆ. ಆ ಕೆಲಸ ನೋಡಿಕೊಳ್ಳುತ್ತಿರುವವಳು ನನ್ನ ಕೊನೆಯ ಪಿಎಚ್.ಡಿ. ವಿದ್ಯಾರ್ಥಿನಿ. ಪಿಸುಗುಟ್ಟುವ ದನಿಯ ಸಣಕಲು ಹುಡುಗಿ, ವಿಭಾಗದಲ್ಲೆಲ್ಲ ಗುಬ್ಬಿ ಎಂದೇ ಕರೆಯುತ್ತಾರೆ. ಮಧ್ಯಾಹ್ನ ನನ್ನ ಕೋಣೆಗೆ ಬಂದು ಬಾಗಿಲ ಹತ್ತಿರವೇ ನಿಂತಳು. ಏನೋ ಹೇಳಿದಳು. ಏಳನೆಯದು, ಟೇಪು, ಇಷ್ಟೇ ತಿಳಿದದ್ದು.

“ಗಟ್ಟಿಯಾಗಿ ಹೇಳಮ್ಮ. ಹಾಳಾಗಿದೆಯಾ ಟೇಪು?”

ಇಲ್ಲವೆಂದು ತಲೆಯಾಡಿಸಿದಳು. ಮತ್ತೆ ಹೇಳಿದಳು. ನಾನು ಮತ್ತೆ ಏನು ಎಂದೆ. ಮೂರನೆಯ ಸಲ ಅವಳು ಮೇಜಿನ ಮೇಲಿದ್ದ ನನ್ನದೇ ಪೆನ್ನು ತೆಗೆದುಕೊಂಡು ಒಂದು ಚೀಟಿಯಲ್ಲಿ ಬರೆದಳು: ‘ದನಿ ಅಲ್ಲ ಮೇಡಂ. ದಣಿವು.’ ಣಿ ಅಕ್ಷರದ ಕೆಳಗೆ ಎರಡು ಗೆರೆ.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅವಳು ಇನ್ನೊಂದು ಸಾಲು ಬರೆದಳು: ‘ನನ್ನ ದಣಿವು ಹೋಯ್ತು, ಹತ್ತೊಂಬತ್ತು ವರ್ಷದ್ದು ಅಂತಾರೆ. ಆಮೇಲೆ ನಗ್ತಾರೆ.’

“ಅದು ನಗುವಲ್ಲ,” ಎಂದೆ. “ಗದ್ಗದಿತರಾದರು ಅಂತ ಪುಸ್ತಕದಲ್ಲೇ ಇದೆಯಲ್ಲ. ನಾನು ಎದುರಿಗೇ ಕೂತಿದ್ದೆ.”

ಹುಡುಗಿ ಚೀಟಿಯನ್ನು ಮಡಚಿ ಮೇಜಿನ ಮೇಲಿಟ್ಟು ಹೋದಳು. ನಾನು ಸ್ವಲ್ಪ ಬಿರುಸಾಗಿಯೇ ಮಾತಾಡಿದೆನೇನೋ.

ಫೆಬ್ರವರಿ 4, ಮಂಗಳವಾರ

ಗುಬ್ಬಿಗೆ ತಪ್ಪು ಕೇಳಿಸಿದೆ. ಸವೆದ ಟೇಪು, ಹಿನ್ನೆಲೆಯಲ್ಲಿ ಫ್ಯಾನಿನ ಸದ್ದು. ಮೂವತ್ತನಾಲ್ಕು ವರ್ಷದಲ್ಲಿ ಯಾರೂ ಇಂಥ ಮಾತು ಎತ್ತಿರಲಿಲ್ಲ.

ಯಾರೂ ಟೇಪು ಕೇಳಿಯೂ ಇರಲಿಲ್ಲ, ಅದು ಬೇರೆ.

ಫೆಬ್ರವರಿ 6, ಗುರುವಾರ

ಗ್ರಂಥಾಲಯಕ್ಕೆ ಹೋಗಿ ನಾನೇ ಕೇಳಿದೆ. ಹೆಡ್‌ಫೋನ್ ಹಾಕಿಕೊಂಡು, ಸದ್ದು ಪೂರ್ತಿ ಏರಿಸಿ, ಹದಿನಾಲ್ಕು ಸಲ. ಹದಿನಾಲ್ಕು ಸಲವೂ ದನಿ. ಅದರಲ್ಲಿ ಸಂಶಯವೇ ಇಲ್ಲ. ಕಣ್ಣು ತೆರೆದು ನೋಡಿದರೆ ಅಕ್ಕಪಕ್ಕದ ಮೇಜಿನವರೆಲ್ಲ ನನ್ನತ್ತ ತಿರುಗಿದ್ದರು. ಹೆಡ್‌ಫೋನಿನಿಂದ ಹೊರಗೆ ಸೋರುತ್ತಿದ್ದ ಸದ್ದು ಇಡೀ ಹಾಲಿಗೆ ಕೇಳುತ್ತಿತ್ತಂತೆ. ಗ್ರಂಥಪಾಲಕರು ಬಂದು ಮೆಲ್ಲಗೆ ಭುಜ ಮುಟ್ಟಿದರು. ಅವರು ರಸಾಯನಶಾಸ್ತ್ರ ಓದಿ ಬಂದವರು, ನನ್ನ ಪುಸ್ತಕದ ಗಂಧಗಾಳಿಯೂ ಇಲ್ಲ. ಆ ಹೆಂಗಸು ಏನು ಹೇಳುತ್ತಿದ್ದಾಳೆಂದು ಅವರನ್ನೇ ಕೇಳಿದೆ.

“ದಣಿವು ಹೋಯ್ತು ಅಂತ,” ಎಂದರು, ಇದನ್ನೂ ಕೇಳಬೇಕೇ ಎನ್ನುವ ಹಾಗೆ.

ಒಬ್ಬರ ಸಾಕ್ಷಿ ಸಾಕ್ಷಿಯಲ್ಲ. ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡು ಮನೆಗೆ ತಂದೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಏನೂ ಹೇಳದೆ ಅಕ್ಕನಿಗೆ ಕೇಳಿಸಿದೆ. ಅಕ್ಕ ಕನ್ನಡಕ ತೆಗೆದಿಟ್ಟು ಕೇಳಿದಳು. ಕಣ್ಣಿಗೂ ಕಿವಿಗೂ ಏನು ಸಂಬಂಧವೋ.

“ದಣಿವು ಅಂತಿದಾಳೆ. ನಗ್ತಿದಾಳೆ. ಡ್ಯೂಟಿ ಮುಗಿಸಿ ಬೂಟು ಬಿಚ್ಚೋವಾಗ ನಾವು ನಗ್ತಿದ್ದದ್ದು ಹೀಗೇ.” ಆಮೇಲೆ ನನ್ನ ಮುಖ ನೋಡಿದಳು. “ನಿಂಗೆ ಏನು ಕೇಳಿಸ್ತಿದೆ?”

“ದನಿ.”

ಅಕ್ಕ ಲ್ಯಾಪ್‌ಟಾಪ್ ಮುಚ್ಚಿದಳು. ಯಾವಾಗಲೂ ಮಾಡುವ ಹಾಗೆ ಗೇಲಿ ಮಾಡಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಫೆಬ್ರವರಿ 13, ಗುರುವಾರ

ಕಿವಿ ಪರೀಕ್ಷೆ. ಅಕ್ಕ ಜೊತೆಗೆ ಬರುತ್ತೇನೆಂದಳು, ಬೇಡವೆಂದೆ. ಗೋಡೆಗೆಲ್ಲ ಮೆತ್ತೆ ಹೊಡೆದ ಗೂಡಿನಂಥ ಕೋಣೆ, ನಡುವೆ ಗಾಜು. ಆಚೆ ಕಡೆ ಪರೀಕ್ಷೆ ಮಾಡುವ ಹೆಂಗಸು. ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಮೊದಲ ಹತ್ತು ಚೆನ್ನಾಗಿಯೇ ಹೋಯಿತು. ಆಗ ಅವರು ಯಂತ್ರ ನಿಲ್ಲಿಸಿ, ಬಾಗಿಲು ತೆರೆದು ಹೇಳಿದರು: “ಮೇಡಂ, ನನ್ನ ಕೈ ನೋಡಬೇಡಿ. ಗೋಡೆ ಕಡೆ ತಿರುಗಿ ಕೂತ್ಕೊಳ್ಳಿ.”

ನಾನು ಅವರ ಹೆಗಲು ಅಲುಗಿದಾಗಲೆಲ್ಲ ಗುಂಡಿ ಒತ್ತುತ್ತಿದ್ದೆ. ಬೇಕೆಂದು ಮಾಡಿದ್ದಲ್ಲ. ಜನರನ್ನು ಗಮನಿಸುವುದು ನನ್ನ ಕಸುಬು. ಗೋಡೆ ಕಡೆ ತಿರುಗಿ ಕೂತ ಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಪರೀಕ್ಷೆ ಮುಗಿದಿರಬೇಕೆಂದುಕೊಂಡೆ. ಮುಗಿದಿರಲಿಲ್ಲ.

ಆಮೇಲೆ ಪದಗಳು. ಅವರು ಹೇಳಿದ್ದನ್ನು ನಾನು ತಿರುಗಿ ಹೇಳಬೇಕು. ಇಪ್ಪತ್ತೈದೂ ಸರಿಯಾಗಿ ಹೇಳಿದೆ ಎಂದುಕೊಂಡು ಎದ್ದೆ. ಹದಿನಾಲ್ಕು ತಪ್ಪಂತೆ.

“ಎಷ್ಟು ವರ್ಷದಿಂದ ಹೀಗೆ?” ಎಂದರು.

“ಹೀಗೆ ಅಂದ್ರೆ?”

ಕಾಗದದ ಮೇಲಿನ ಗೆರೆಯೊಂದನ್ನು ತೋರಿಸಿದರು. ಎಡದಿಂದ ಬಲಕ್ಕೆ ಬರುತ್ತ ಮೆಟ್ಟಿಲಿನಂತೆ ಕೆಳಗಿಳಿದಿತ್ತು. ಆರೇಳು ವರ್ಷವಾದರೂ ಆಗಿರಬೇಕೆಂದರು. “ಕಿವಿಗೆ ಬೀಳದ್ದನ್ನ ತಲೆ ತಾನೇ ತುಂಬಿಸ್ಕೊಳ್ಳತ್ತೆ ಮೇಡಂ. ಅದಕ್ಕೇ ಗೊತ್ತಾಗಲ್ಲ. ಯಾವ ಪದ ಬರಬಹುದು ಅಂತ ನಿಮಗೆ ಅನ್ನಿಸಿರತ್ತೋ, ಅದೇ ಕೇಳತ್ತೆ.”

ಬಸ್ಸಿನಲ್ಲಿ ಬರುವಾಗ ಲೆಕ್ಕ ಹಾಕಿದೆ. ಆರೇಳು ವರ್ಷ. ಸರಿ. ಆದರೆ ಆ ಟೇಪು ಮಾಡುವಾಗ ನನಗೆ ಇಪ್ಪತ್ತೇಳು. ಆಗ ಕಿವಿ ಎರಡೂ ನೆಟ್ಟಗಿದ್ದವು.

ಫೆಬ್ರವರಿ 21, ಶುಕ್ರವಾರ

ಕಿವಿಯ ಯಂತ್ರ ಬಂತು. ಕಿವಿ ಹಿಂದೆ ಹುರುಳಿ ಕಾಳಿನ ಅಣ್ಣನಂಥದ್ದೊಂದು ಕೂತಿದೆ. ಲೋಕವೆಲ್ಲ ತಗಡಾಗಿದೆ. ಪೇಪರ್ ಮಡಚಿದರೆ ಮನೆ ಕುಸಿದಂತೆ. ನಾನು ಅಗಿಯುವ ಸದ್ದು ನನಗೇ ಅಸಹ್ಯ. ನಮ್ಮ ಫ್ರಿಜ್ಜು ಹಾಡುತ್ತದೆ. ಎಷ್ಟು ವರ್ಷದಿಂದ ಹಾಡುತ್ತಿದೆ ಎಂದು ಅಕ್ಕನನ್ನು ಕೇಳಿದೆ. ತಂದ ದಿನದಿಂದ ಎಂದಳು.

ನನ್ನ ಎರಡನೆಯ ಪುಸ್ತಕದಲ್ಲಿ ಕಿವಿಯ ಯಂತ್ರ ಹಾಕಿಕೊಳ್ಳುವವರ ನಾಚಿಕೆಯ ಬಗ್ಗೆ ಮೂರು ಪುಟ ಬರೆದಿದ್ದೇನೆ. ಇವತ್ತು ತೆಗೆದು ಓದಿದೆ. ಬಹಳ ಚೆನ್ನಾಗಿ ಬರೆದಿದ್ದೇನೆ. ಒಬ್ಬರನ್ನೂ ಮಾತಾಡಿಸಿರಲಿಲ್ಲ.

ಫೆಬ್ರವರಿ 24, ಸೋಮವಾರ

ದಣಿವು.

ಇವತ್ತು ಟೇಪಿನಲ್ಲಿ ಒಂದೇ ಸಲಕ್ಕೆ ಕೇಳಿತು. ಕೊಂಚ ನುಂಗಿ ಹೇಳುತ್ತಾರೆ, ದಣ್ವು ಎನ್ನುವ ಹಾಗೆ. ಆದರೆ ಅದೇ. ನಗುವೂ ನಗುವೇ. ಅದರ ಬೆನ್ನಿಗೇ ನನ್ನ ದನಿ, ಇಪ್ಪತ್ತೇಳರ ದನಿ, ಇಷ್ಟು ಮೃದುವಾಗಿ: ‘ನನಗೆ ಅರ್ಥವಾಗುತ್ತದೆ.’ ಏಳನೆಯವರು ‘ಅಲ್ಲ, ಅದು...’ ಎಂದು ಏನೋ ಹೇಳಹೊರಡುತ್ತಾರೆ. ನಾನು ಮುಂದಿನ ಪ್ರಶ್ನೆ ಕೇಳುತ್ತೇನೆ.

ಮಾರ್ಚ್ 3, ಸೋಮವಾರ

‘ಗೊಣಗುವ ಪೀಳಿಗೆ’ಯ ಟಿಪ್ಪಣಿಗಳನ್ನು ಹರಿದು ಬುಟ್ಟಿಗೆ ಹಾಕಿದೆ. ಮಕ್ಕಳು ಚೆನ್ನಾಗಿಯೇ ಮಾತಾಡುತ್ತಾರೆ. ಹಿಂದಿನ ಬೆಂಚಿನವರಂತೂ ಬಹಳ ಸ್ಪಷ್ಟ. ನಾನು ಹಲಗೆ ಕಡೆ ತಿರುಗಿದಾಗ ಒಬ್ಬ ಹೇಳಿದ, “ಇನ್ನು ಐದು ನಿಮಿಷ ಟೆಲಿಫೋನ್ ಪುರಾಣ, ಆಮೇಲೆ ಬಿಡ್ತಾರೆ.” ಗಡಿಯಾರ ನೋಡಿದೆ. ಸರಿಯಾಗಿ ಐದು ನಿಮಿಷವಿತ್ತು.

ಮಾರ್ಚ್ 7, ಶುಕ್ರವಾರ

ಮುಖ್ಯಸ್ಥರಿಗೆ ಟೇಪು ಕೇಳಿಸಿದೆ. ಅವರು ನನ್ನ ಹಳೆಯ ವಿದ್ಯಾರ್ಥಿ. ಆಗಿನಿಂದಲೂ ಕೂತಲ್ಲಿ ಪೆನ್ನಿನ ಮುಚ್ಚಳ ತಿರುಗಿಸುವ ಅಭ್ಯಾಸ. ಎರಡು ಸಲ ಕೇಳಿ ಮುಚ್ಚಳ ತಿರುಗಿಸುತ್ತ ಕೂತರು.

“ಎರಡಕ್ಷರ ಮೇಡಂ. ನ ಇದ್ದಲ್ಲಿ ಣ, ಕೊನೆಗೊಂದು ವು. ಅಷ್ಟಕ್ಕೆ ಇಡೀ ಪುಸ್ತಕ ಬೀಳಿಸ್ತೀರಾ?”

“ಬೀಳತ್ತೋ ಇಲ್ಲವೋ ನೋಡೋಣ. ಹೊಸ ಆವೃತ್ತೀಲಿ ಬರೀಬೇಕು. ಬೀಳ್ಕೊಡುಗೆ ಉಪನ್ಯಾಸದಲ್ಲೂ ಹೇಳ್ತೀನಿ.”

“ಕೆಳಗೊಂದು ಅಡಿಟಿಪ್ಪಣಿ ಹಾಕಿದ್ರೆ ಸಾಲದಾ? ಯಾರೂ ಓದಲ್ಲ.”

“ಯಾರೂ ಓದಲ್ಲ ಅಂತಲೇ ಅಲ್ವಾ ನೀವು ಹೇಳ್ತಿರೋದು.”

ಅವರು ನಗಲಿಲ್ಲ. “ನನ್ನ ಪಿಎಚ್.ಡಿ. ಶುರುವಾಗೋದೇ ಆ ಸಾಲಿನಿಂದ,” ಎಂದರು. “ಹದಿನೈದು ವರ್ಷದಿಂದ ಮಕ್ಕಳಿಗೆ ಅದನ್ನ ಹೇಳ್ಕೊಂಡು ಬಂದಿದೀನಿ. ನಿಮ್ಮನ್ನ ನಂಬಿ.”

ಪೆನ್‌ಡ್ರೈವ್ ಕಳಚಿಕೊಂಡು ಎದ್ದೆ.

ಹೊರಗೆ ಗುಬ್ಬಿ ಕಾದಿದ್ದಳು. ಟೆಲಿಫೋನ್ ನಿವೃತ್ತ ನೌಕರರ ಸಂಘಕ್ಕೆ ಫೋನು ಮಾಡಿ ಏಳನೆಯವರ ವಿಳಾಸ ಹುಡುಕಿದ್ದಾಳೆ. ಬದುಕಿದ್ದಾರೆ. ಎಪ್ಪತ್ತೈದು ವರ್ಷ. ಬಸ್ಸಿನಲ್ಲಿ ಮೂರು ಗಂಟೆ ದಾರಿ. ಚೀಟಿ ಬರೆದದ್ದಕ್ಕೆ ಅವಳಿಗೆ ಥ್ಯಾಂಕ್ಸ್ ಹೇಳಿದೆ. ಭಯವಾಗಲಿಲ್ಲವೇ ಎಂದು ಕೇಳಿದೆ.

“ಆಯ್ತು ಮೇಡಂ. ಎರಡು ವಾರ ಬ್ಯಾಗಲ್ಲೇ ಇಟ್ಕೊಂಡು ಓಡಾಡಿದೆ ಆ ಮಾತನ್ನ.”

ಅವಳ ದನಿ ಅಷ್ಟೇನೂ ಸಣ್ಣದಲ್ಲ.

ಮಾರ್ಚ್ 16, ಭಾನುವಾರ

ಏಳನೆಯವರನ್ನು ನೋಡಿ ಬಂದೆವು. ಮನೆಯ ಮುಂದೆ ತಲೆ ಮೇಲೆ ಬೋರ್ಡು ಹೊತ್ತ ಎರಡು ಪುಟ್ಟ ಕಾರುಗಳು. ಡ್ರೈವಿಂಗ್ ಸ್ಕೂಲು. ನಾವು ತಪ್ಪು ವಿಳಾಸಕ್ಕೆ ಬಂದೆವೆಂದುಕೊಂಡೆ. ಒಳಗಿನಿಂದ ಒಡೆದ ದನಿಯೊಂದು ಬಂತು: “ಕಲಿಯೋಕಾ? ನಾಳೆ ಬನ್ನಿ, ಭಾನುವಾರ ರಜಾ.”

ನನ್ನ ಗುರುತು ಹತ್ತಲು ಸ್ವಲ್ಪ ಹೊತ್ತಾಯಿತು. ಆಮೇಲೆ, “ಓ, ಟೇಪ್ ರೆಕಾರ್ಡರ್ ಹುಡುಗಿ,” ಎಂದರು. “ಎಷ್ಟು ಕೂದಲು ಬೆಳ್ಳಗಾಗಿದೆ ನಿಮ್ಮದು. ಕೂತ್ಕೊಳ್ಳಿ.”

ಗುಬ್ಬಿ ಟೇಪು ಹಾಕಿದಳು. ಅವರು ತಲೆ ವಾಲಿಸಿ ತಮ್ಮದೇ ದನಿಯನ್ನು, ಯಾರೋ ಪರಿಚಯದವರ ದನಿಯೆಂಬಂತೆ ಕೇಳಿಸಿಕೊಂಡರು. ಮುಗಿದ ಮೇಲೆ ನಕ್ಕರು. ಟೇಪಿನಲ್ಲಿದ್ದ ಅದೇ ನಗು, ಸ್ವಲ್ಪ ತುಕ್ಕು ಹಿಡಿದದ್ದು.

“ದಣಿವೇ ಮತ್ತೆ. ಹತ್ತೊಂಬತ್ತು ವರ್ಷ ಎರಡೂ ಕಿವಿನ ಊರಿಗೆ ಬಾಡಿಗೆ ಕೊಟ್ಟಂಗಿತ್ತು ಮೇಡಂ. ಯಾರ ಮನೆ ಸಾವು, ಯಾರ ಮನೆ ಜಗಳ, ಎಲ್ಲಾ ನನ್ನ ಬೆರಳ ಸಂದೀಲೇ ಹೋಗಬೇಕು. ಮನೆಗೆ ಬಂದು ಮಗಳು ಅಮ್ಮಾ ಅಂದ್ರೆ ನಂಬರ್ ಪ್ಲೀಸ್ ಅಂತಿದ್ದೆ. ಮಷೀನು ಬಂತಲ್ಲ, ಆವತ್ತು ಮಲಗಿದವಳು ಹದಿನಾಲ್ಕು ಗಂಟೆ ಎದ್ದಿಲ್ಲ. ಸತ್ತೇ ಹೋದ್ಲು ಅಂತ ನಮ್ಮತ್ತೆ ಮೂಗಿಗೆ ಕೈ ಇಟ್ಟು ನೋಡಿದ್ರಂತೆ.”

“ಆಮೇಲೆ?”

“ಆಮೇಲೆ ನನ್ನನ್ನ ರೆಕಾರ್ಡ್ ರೂಮಿಗೆ ಹಾಕಿದ್ರು. ಎರಡು ವರ್ಷ ಧೂಳು ಹೊಡೆದೆ. ಬಿಟ್ಟು ಗಾಡಿ ಕಲಿತೆ. ಹೆಂಗಸರಿಗೆ ಕಲಿಸೋಕೆ ಶುರುಮಾಡಿದೆ. ನಿಮ್ಮ ಪುಸ್ತಕದಲ್ಲಿ ದನಿ ಹೋಯ್ತು ಅಂತಿದೆಯಲ್ಲ, ಅದೂ ಹೋಯ್ತು, ಇಲ್ಲಿ. ಬ್ರೇಕು, ಬ್ರೇಕು ಅಂತ ಕೂಗಿ ಕೂಗಿ.”

ಗುಬ್ಬಿ ಜೋರಾಗಿ ನಕ್ಕುಬಿಟ್ಟಳು. ನಾನೂ ನಕ್ಕೆ. ಆಗಲೇ ಅವರ ಮಾತು ನನ್ನ ತಲೆಗೆ ಹೋದದ್ದು.

“ಪುಸ್ತಕ ನೀವು ಓದಿದ್ರಾ?”

“ನಾನೆಲ್ಲಿ ಓದ್ಲಿ. ಮಗಳ ಕಾಲೇಜಿನ ಪಾಠದಲ್ಲಿ ಬಂದಿತ್ತು. ನನ್ನ ನಂಬರು ಏಳು ಅಂತ ನೀವೇ ಹೇಳಿದ್ರಲ್ಲ, ಅವಳಿಗೆ ಗೊತ್ತಿತ್ತು. ಅಮ್ಮ, ನಿಂಗೆ ಅಷ್ಟು ದುಃಖ ಆಗಿತ್ತಾ ಅಂತ ಕೇಳಿದ್ಲು. ಇರಬಹುದು ಅಂದೆ.”

“ಯಾಕೆ ಹಾಗಂದ್ರಿ?”

ಅವರು ಸೆರಗಿನಿಂದ ಮೇಜಿನ ಮೇಲಿಲ್ಲದ ಧೂಳನ್ನು ಒರೆಸಿದರು. “ಓದಿದವರು ಬರೆದಿದಾರೆ, ಅಚ್ಚಾಗಿದೆ. ನನಗೇ ಮರೆತಿರಬೇಕು ಅಂದ್ಕೊಂಡೆ. ಒಂದೆರಡು ವರ್ಷ ಅದೇ ಬೇಜಾರಿತ್ತು ನೋಡಿ. ಅಷ್ಟು ದುಃಖಪಟ್ಟು ಅದನ್ನೂ ಮರೆತು ಗಾಡಿ ಓಡಿಸ್ಕೊಂಡು ನಗ್ತಾ ಇದೀನಲ್ಲ, ಎಂಥ ಕಲ್ಲು ಮನಸ್ಸು ನಂದು ಅಂತ.”

ಗುಬ್ಬಿ ನೆಲ ನೋಡುತ್ತಿದ್ದಳು. ನಾನು ಬಸ್ಸಿನಲ್ಲಿ ಮೂರು ಗಂಟೆ ಕೂತು ಜೋಡಿಸಿಕೊಂಡಿದ್ದ ಮಾತುಗಳನ್ನೆಲ್ಲ ಕೈಬಿಟ್ಟೆ. “ತಪ್ಪು ನನ್ನದು. ನೀವು ಹೇಳಿದ್ದು ನಾನು ಕೇಳಿಸಿಕೊಳ್ಳಲಿಲ್ಲ,” ಎಂದೆ, ಅಷ್ಟೆ.

“ಹೋಗಲಿ ಬಿಡಿ. ನೀವೂ ಚಿಕ್ಕವರಿದ್ರಿ.” ಆಮೇಲೆ ಹೇಳಿದರು: “ನನ್ನ ಪಕ್ಕದ ಸೀಟಿನವಳು ಇದ್ದಳಲ್ಲ, ಒಂಟಿ ಹೆಂಗಸು, ಅವಳು ಮಾತ್ರ ನಿಜವಾಗ್ಲೂ ಅತ್ತಳು. ತಿಂಗಳುಗಟ್ಟಲೆ. ಅವಳಿಗೆ ಆ ಕೊಠಡಿನೇ ಮನೆ. ಅವಳ ವಿಚಾರ ಪಾಠದಲ್ಲಿ ಏನೂ ಇರಲಿಲ್ಲ. ಹೋಗಿ ಆರು ವರ್ಷ ಆಯ್ತು ಪಾಪ.”

ಹೊರಡುವಾಗ ಗುಬ್ಬಿಗೆ ಗಾಡಿ ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ ಎಂದಳು. “ಕಲಿ. ಇಷ್ಟು ಸಣ್ಣ ದನಿಯವರಿಗೆ ಹಾರನ್ನು ಬೇಕು,” ಎಂದರು.

ಮಾರ್ಚ್ 19, ಬುಧವಾರ

ಪಕ್ಕದ ಸೀಟಿನವರು ನನ್ನ ಪಟ್ಟಿಯಲ್ಲಿ ಹದಿಮೂರು. ಟೇಪು ಕೇಳಿದೆ. ನಲವತ್ತು ನಿಮಿಷ, ಬಹುಪಾಲು ಅಳು. ಪೂರ್ತಿ ವಾಕ್ಯ ಸಿಗುವುದೇ ಅಪರೂಪ, ಅದಕ್ಕೇ ಆಗ ಬಳಸಿರಲಿಲ್ಲ. ಒಂದು ಕಡೆ ಹೇಳುತ್ತಾರೆ: ‘ಇನ್ನು ಮನೇಲಿ ಕೂತು ನಾನು ಯಾರ ಜೊತೆ...’ ನಾನು, ‘ಬೇಕಾದರೆ ಟೇಪು ನಿಲ್ಲಿಸುತ್ತೇನೆ’ ಎನ್ನುತ್ತೇನೆ. ಅವರು ಬೇಡ ಎನ್ನುತ್ತಾರೆ.

ನಿಲ್ಲಿಸಿದ್ದೇನೆ.

ಏಪ್ರಿಲ್ 2, ಬುಧವಾರ

ಇಪ್ಪತ್ತೆರಡೂ ಟೇಪು ಮುಗಿಯಿತು. ನಾನು ಮತ್ತು ಗುಬ್ಬಿ ಅಕ್ಕಪಕ್ಕ ಕೂತು, ಒಂದೊಂದು ಮಾತನ್ನೂ ಇಬ್ಬರೂ ಒಪ್ಪಿದ ಮೇಲೆಯೇ ಬರೆದೆವು. ಅತ್ತವರು ಎಂಟು, ಹಗುರಾದವರು ಒಂಬತ್ತು. ಉಳಿದ ಐವರು ಎರಡೂ ಹೌದು. ಪುಸ್ತಕದಲ್ಲಿ ಎಲ್ಲರೂ ಅಳುತ್ತಾರೆ.

ಹೊಸ ಮುನ್ನುಡಿಯನ್ನು ಪ್ರಕಾಶಕರಿಗೆ ಕಳಿಸಿದೆ. ಪುಸ್ತಕದ ತಪ್ಪು ಕಂಡುಹಿಡಿದವಳ ಹೆಸರು ಮೊದಲ ಸಾಲಿನಲ್ಲೇ ಇದೆ. ಗುಬ್ಬಿ ಎಂದಲ್ಲ, ಪೂರ್ತಿ ಹೆಸರು. ಸದ್ಯಕ್ಕೆ ಆವೃತ್ತಿಯನ್ನು ಮುಂದೂಡುತ್ತೇವೆಂದು ಸಂಜೆಯೇ ಉತ್ತರ ಬಂತು. ಸದ್ಯಕ್ಕೆ ಎಂದರೆ ಏನೆಂದು ನನಗೆ ಗೊತ್ತು. ಅಕ್ಕನಿಗೆ ಹೇಳಿದೆ. “ಮತ್ತೆ ಗುಬ್ಬಿ ಮಗು ಓದು ಏನಾಗತ್ತೆ, ಅದಕ್ಕೇನೂ ತೊಂದರೆ ಇಲ್ಲ ತಾನೇ?” ಎಂದಳು. ಇಲ್ಲ ಎಂದೆ. “ಹಾಗಿದ್ರೆ ಸರಿ,” ಎಂದು ಟೀವಿ ಹಾಕಿದಳು. ಸದ್ದು ಎಷ್ಟು ಕಮ್ಮಿ ಇಟ್ಟುಕೊಳ್ಳುತ್ತಾಳೆ ಅವಳು.

ಏಪ್ರಿಲ್ 30, ಬುಧವಾರ

ಉಪನ್ಯಾಸ ಮುಗಿಯಿತು. ಬರೆದುಕೊಂಡು ಹೋದ ಮೂವತ್ತು ಪುಟದಲ್ಲಿ ನಾಲ್ಕು ಪುಟ ಓದಿದೆ. ಆಮೇಲೆ ಏಳನೆಯವರ ಟೇಪು, ಹದಿಮೂರನೆಯವರ ಟೇಪು. ನನ್ನ ಹಳೆಯ ದನಿ ಬಂದಾಗ ಒಂದಿಬ್ಬರು ನಕ್ಕರು. ನಿಲ್ಲಿಸದೆ ಓಡಲು ಬಿಟ್ಟೆ. ಎರಡನೆಯ ಸಾಲಿನಿಂದ ಇಬ್ಬರು ಹಿರಿಯ ಪ್ರಾಧ್ಯಾಪಕರು ಎದ್ದು ಹೋದರು. ಮುಖ್ಯಸ್ಥರು ಕೊನೆಯವರೆಗೂ ಕೂತಿದ್ದರು.

ಪ್ರಶ್ನೆಗಳಿದ್ದರೆ ಕೇಳಿ ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. ದನಿಯಿಂದಲೇ ಗೊತ್ತಾಯಿತು, ಟೆಲಿಫೋನ್ ಪುರಾಣದವನು.

“ಹಾಗಾದ್ರೆ ಮೇಡಂ, ನಾವು ಪರೀಕ್ಷೇಲಿ ಏನು ಬರೀಬೇಕು?”

ಸಭೆಯೆಲ್ಲ ನಕ್ಕಿತು. ಅವನು ತಮಾಷೆಗೆ ಕೇಳಿರಲಿಲ್ಲ. ಮುಖ ಕೆಂಪಾಯಿತು.

“ಒ‍ಳ್ಳೆ ಪ್ರಶ್ನೆ,” ಎಂದೆ. “ಈ ವರ್ಷ ಪುಸ್ತಕದಲ್ಲಿ ಇರೋದನ್ನೇ ಬರಿ, ಅಂಕ ಹೋಗಬಾರದು. ಬರೆದ ಮೇಲೆ ಯಾರಾದರೂ ಒಬ್ಬರ ಮನೆಗೆ ಹೋಗಿ ಕೇಳು. ಅವರು ‘ಅಲ್ಲ, ಅದು’ ಅಂತ ಶುರುಮಾಡಿದ್ರೆ ಸುಮ್ಮನಿರು.”

ಮುಖ್ಯಸ್ಥರು ವಂದನಾರ್ಪಣೆಗೆ ಬಂದರು. ಕಾಗದವಿರಲಿಲ್ಲ. ತಲೆ ಎತ್ತಿಯೇ ಮಾತಾಡಿದರು. ಮುಂದಿನ ವರ್ಷದಿಂದ ಇಪ್ಪತ್ತೆರಡು ಟೇಪುಗಳನ್ನೂ ಎರಡನೆಯ ವರ್ಷದ ಮಕ್ಕಳಿಗೆ ಕೇಳಿಸುತ್ತೇವೆ ಎಂದರು. ನನಗೆ ಮೊದಲೇ ಹೇಳಿರಲಿಲ್ಲ. ಕೆಳಗಿಳಿದ ಮೇಲೆ ನನ್ನ ಹತ್ತಿರ ಬಂದು, “ನನ್ನ ಕೋಪ ಇನ್ನೂ ಹೋಗಿಲ್ಲ ಮೇಡಂ,” ಎಂದರು. ಆಗಲಿ ಎಂದೆ. ಇಬ್ಬರೂ ಕಾಫಿ ಕುಡಿದೆವು.

ಕೋಣೆಯ ಬೀಗದ ಕೈ ಒಪ್ಪಿಸಿ ಬಂದೆ.

ಮೇ 4, ಭಾನುವಾರ

ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಎದುರು ಮನೆಯಲ್ಲಿ ಏನೋ ಯಂತ್ರ ಬೀಪ್ ಬೀಪ್ ಎಂದು ಕೂಗಿಕೊಳ್ಳುತ್ತಿತ್ತು, ಬಟ್ಟೆ ಒಗೆಯುವುದಿರಬೇಕು. ಅಕ್ಕ ತುತ್ತು ಎತ್ತಿದವಳು ಹಾಗೇ ತಡೆದಳು.

“ಏನು?” ಎಂದೆ.

“ಏನಿಲ್ಲ. ವಾರ್ಡಿಗೆ ಮೊದಲನೇ ಸಲ ಹೃದಯ ನೋಡೋ ಮಷೀನು ತಂದಾಗ ಹೀಗೇ ಕೂಗ್ತಿತ್ತು.”

“ಆವಾಗ ನಿಂಗೆ ಹೇಗನ್ನಿಸ್ತು ಅಕ್ಕ?”

ಅವಳು ಯೋಚಿಸಿದಳು. ಬಹಳ ಹೊತ್ತು. ಫ್ರಿಜ್ಜು ಹಾಡಿ ನಿಂತಿತು. ನಾನು ತಟ್ಟೆ ನೋಡುತ್ತ ಕೂತಿದ್ದೆ.

“ಖುಷಿಯಾಯ್ತು,” ಎಂದಳು. “ಹತ್ತು ನಿಮಿಷ ಕುರ್ಚಿ ಮೇಲೆ ಕೂರಬಹುದಿತ್ತು, ಅದು ನೋಡ್ಕೊಳ್ತಿತ್ತು. ಸಿಟ್ಟೂ ಬಂತು. ಅದಕ್ಕೆ ಮುಂಚೆ ನಾನು ಹೋಗಿ, ಡಾಕ್ಟರೇ, ಆರನೇ ಹಾಸಿಗೆಯವರು ಸರಿಯಿಲ್ಲ, ಬಣ್ಣ ಬದಲಾಗಿದೆ ಅಂದ್ರೆ, ನೋಡೋಣ ಸಿಸ್ಟರ್ ಅಂತಿದ್ರು. ಮಷೀನು ಅದನ್ನೇ ಕೂಗಿದ್ರೆ ಓಡ್ಕೊಂಡು ಬರ್ತಿದ್ರು. ನಾನು ಹೇಳ್ತಿದ್ದಿದ್ದು ಸುಳ್ಳಲ್ಲ ಅಂತ ಅವರಿಗೆ ಗೊತ್ತಾಗೋಕೆ ಆ ಡಬ್ಬ ಬರಬೇಕಾಯ್ತು. ಅದು ಬರೋಕೆ ಮುಂಚೆ ಒಬ್ಬರಿದ್ದರು...”

ಆರನೆಯ ಹಾಸಿಗೆಯವರ ಬಗ್ಗೆ ಅವಳು ಆಮೇಲೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವಳದು.

“ಇಪ್ಪತ್ತಾರು ವರ್ಷ ಜೊತೆಗಿದೀವಿ,” ಎಂದೆ. “ಒಂದು ಸಲವೂ ಹೇಳಲಿಲ್ಲವಲ್ಲ.”

“ಊಟಕ್ಕೆ ಕೂತಾಗಲೆಲ್ಲ ನೀನು ಮಾತಾಡ್ತಿದ್ದೆ,” ಎಂದಳು ಅಕ್ಕ. ದೂರುವ ಹಾಗೆ ಅಲ್ಲ, ಹೊರಗೆ ಬಿಸಿಲಿದೆ ಎನ್ನುವ ಹಾಗೆ. ಆಮೇಲೆ ಆ ಡಬ್ಬದ ತಂತಿಗಳನ್ನು ಹೇಗೆ ಅಂಟಿಸಬೇಕೆಂದು ಯಾರೂ ಕಲಿಸದೆ ಅವಳೂ ಇನ್ನೊಬ್ಬಳು ನರ್ಸೂ ಒಬ್ಬರ ಮೇಲೊಬ್ಬರು ಅಂಟಿಸಿಕೊಂಡು ಕಲಿತದ್ದನ್ನು ಹೇಳತೊಡಗಿದಳು. ಊಟ ಆರಿಹೋಯಿತು. ಇಬ್ಬರೂ ಏಳಲಿಲ್ಲ.